ಶಿಲೆಯ ಸಾಕ್ಷ್ಯ, ತೆರೆಯ ಸುದ್ದಿ

ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಬಳಿ ತಾಳಗುಂದವೆಂಬ ಗ್ರಾಮವಿದೆ. ಅಲ್ಲಿನ ಪ್ರಣವೇಶ್ವರ ದೇಗುಲದ ಮುಂದಿರುವ 5ನೆಯ ಶತಮಾನದ ಕಂಬಶಾಸನವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಕಂಚಿಯಲ್ಲಿ ಅವಮಾನಿತನಾದ ಮಯೂರಶರ್ಮನು ಖಡ್ಗ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ ವೃತ್ತಾಂತ ಅದರಲ್ಲಿದೆ. ಶಾಸನವನ್ನು ರಚಿಸಿದ ಕವಿ ಕುಬ್ಜನು ತಾನೇ ಅದನ್ನು ಕಲ್ಲಿನ ಮೇಲೆ ಬರೆದುದಾಗಿ ಹೆಸರಿಟ್ಟು ಹೇಳಿಕೊಂಡಿದ್ದಾನೆ. ತಾನು ನುಡಿದುದಕ್ಕೆ ತಾನೇ ಹೊಣೆಯೆಂಬ ದಿಟ್ಟತನವಿದು.

ಪಕ್ಕದ ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ವೀರಗಲ್ಲುಗಳನ್ನು ನೋಡಿರಿ. ಯಾರು, ಎಲ್ಲಿ, ಯಾವ ಕಾರಣಕ್ಕಾಗಿ ಪ್ರಾಣ ತೆತ್ತರೆಂಬುದನ್ನು ಅವು ಮುಂದಿನ ಪೀಳಿಗೆಗೆ ತಿಳಿಸುತ್ತವೆ. ಪತ್ರಕರ್ತನೂ ಇದೇ ಪ್ರಶ್ನೆಗಳನ್ನು ಕೇಳುತ್ತಾನಲ್ಲವೇ?

ಇದೇ ಶಿವಮೊಗ್ಗ ಸೀಮೆಯ ಮಗಳು ಗೌರಿ ಲಂಕೇಶ್. ಜನನ 1962ರ ಜನವರಿ 29. ತಂದೆ ಪಿ. ಲಂಕೇಶರು ಕೊನಗವಳ್ಳಿಯವರು, 1980ರಲ್ಲಿ ಅವರು ಆರಂಭಿಸಿದ 'ಲಂಕೇಶ್ ಪತ್ರಿಕೆ' ಜಾಹೀರಾತುಗಳಿಲ್ಲದೆ, ಓದುಗರ ಹಣದಿಂದಲೇ ನಡೆಯಿತು. ಗೌರಿಯವರು ಬೆಂಗಳೂರಿನ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ವೃತ್ತಿ ಆರಂಭಿಸಿ, ಒಂಬತ್ತು ವರ್ಷ 'ಸಂಡೇ' ವಾರಪತ್ರಿಕೆಗೆ ವರದಿಗಾರ್ತಿಯಾಗಿದ್ದರು. ಬಳಿಕ ದೆಹಲಿಯಲ್ಲಿ ಈನಾಡು ಬಳಗದ ದೂರದರ್ಶನ ವಾಹಿನಿಯನ್ನು ಸೇರಿದರು. 1994ರಲ್ಲಿ ಉದಯ ಟಿ.ವಿ. ಆರಂಭವಾದ ಮೇಲೆ ಕನ್ನಡದ ಮನೆಮನೆಗಳಿಗೂ ಖಾಸಗಿ ವಾಹಿನಿಗಳು ಬರತೊಡಗಿದ್ದ ಕಾಲವದು. ಈ ಮಾಧ್ಯಮಕ್ಕೆ ಉಜ್ವಲ ಭವಿಷ್ಯವಿತ್ತು.

2000ದ ಜನವರಿ 25ರಂದು ತಂದೆ ತೀರಿಕೊಂಡರು. ಪತ್ರಿಕೆಯನ್ನು ನಿಲ್ಲಿಸುವುದೇ ಮಕ್ಕಳ ಮೊದಲ ಆಲೋಚನೆಯಾಗಿತ್ತು. ಆದರೆ ಹದಿನಾರು ವರ್ಷಗಳ ಅನುಭವವಿದ್ದ ಗೌರಿಯವರು ರಾಜಧಾನಿಯನ್ನೂ ತೆರೆಯನ್ನೂ ಬಿಟ್ಟು, ಇಂಗ್ಲಿಷಿನಲ್ಲಿ ಪಳಗಿದ ಲೇಖನಿಯನ್ನು ಕನ್ನಡಕ್ಕೆ ಒಗ್ಗಿಸಿ ಸಂಪಾದಕಿಯಾದರು. 2005ರಲ್ಲಿ ಸಹೋದರನೊಡನೆ ಭಿನ್ನಾಭಿಪ್ರಾಯವುಂಟಾದಾಗ ತಮ್ಮದೇ 'ಗೌರಿ ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿದರು. ಕೋಮು ಸೌಹಾರ್ದದ ಚಳವಳಿಯಲ್ಲಿಯೂ ತೊಡಗಿಕೊಂಡರು.

ಅವರ ಎಲ್ಲ ವಿಚಾರಗಳನ್ನು ನೀವು ಒಪ್ಪಬೇಕೆಂದಿಲ್ಲ. 2008ರ ವರದಿಯೊಂದಕ್ಕೆ ಸಂಬಂಧಿಸಿದ ಮಾನನಷ್ಟ ಮೊಕದ್ದಮೆಯಲ್ಲಿ ಹುಬ್ಬಳ್ಳಿಯ ನ್ಯಾಯಾಲಯವು 2016ರಲ್ಲಿ ಅವರಿಗೆ ಆರು ತಿಂಗಳ ಸೆರೆವಾಸ ವಿಧಿಸಿತು, ಜಾಮೀನೂ ದೊರೆಯಿತು. ಬರಹದ ಬಗೆಗೆ ಆಕ್ಷೇಪವಿದ್ದವರು ನ್ಯಾಯಾಲಯದ ಮೆಟ್ಟಿಲೇರುವುದು ನಾಗರಿಕ ಮಾರ್ಗ. ಆದರೆ 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರಿಗೆ 55 ವರ್ಷ. ಅವರ ಕಣ್ಣುಗಳನ್ನು ಕುಟುಂಬದವರು ದಾನ ಮಾಡಿದರು. ಅದೇ ವರ್ಷ ಅವರಿಗೆ ಮರಣೋತ್ತರವಾಗಿ ಅನ್ನಾ ಪೊಲಿಟ್ಕೋವ್ಸ್ಕಯಾ ಪ್ರಶಸ್ತಿ ಸಂದಿತು. ಅನ್ನಾ ಅವರೂ 2006ರಲ್ಲಿ ಮಾಸ್ಕೋದ ತಮ್ಮ ವಸತಿಗೃಹದಲ್ಲಿ ಹತರಾದ ಪತ್ರಕರ್ತೆ. ಗೌರಿ ಹತ್ಯೆಯ ಮೊಕದ್ದಮೆಯ ವಿಚಾರಣೆ 2022ರ ಜುಲೈಯಲ್ಲಷ್ಟೇ ಆರಂಭವಾಯಿತು.

ಓದುಗರೇ, ಸಂಜೆ ಮಕ್ಕಳೊಡನೆ ಸುದ್ದಿ ನೋಡಲು ಕುಳಿತಾಗ ಅಬ್ಬರಕ್ಕೆ ಮರುಳಾಗದಿರಿ. ಇದನ್ನು ಕಂಡವರು ಯಾರು, ಹೇಳುತ್ತಿರುವವರು ಯಾರು, ಇದಕ್ಕೆ ಹೊಣೆ ಹೊರುವವರು ಯಾರು ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿರಿ. ರಜೆಯಲ್ಲೊಮ್ಮೆ ಅವರನ್ನು ತಾಳಗುಂದಕ್ಕೂ ಕರೆದೊಯ್ಯಿರಿ. ಹೆಸರಿಟ್ಟು ನುಡಿಯುವುದೆಂದರೇನೆಂದು ಆ ಕಂಬದ ಬಳಿ ವಿವರಿಸಿ ಹೇಳಿರಿ.