ಶಾಲೆಯ ಯಜಮಾನರು ಯಾರು?



ಮಳೆಗಾಲದಲ್ಲಿ ಕಾಲುಸಂಕದ ಮೇಲೆ ನೀರು ಹರಿದಾಗ ಮಕ್ಕಳು ಶಾಲೆಗೆ ಬರಲಾರರೆಂದು ಮೊದಲು ತಿಳಿಯುವುದು ಊರಿನವರಿಗೆ. ಆದರೆ ಆ ಶಾಲೆಗೆ ಗಣಿತದ ಶಿಕ್ಷಕರನ್ನು ನೇಮಿಸುವುದು ದೂರದ ಕಚೇರಿ. ಶಾಲೆಗೂ ಅಧಿಕಾರಕ್ಕೂ ನಡುವೆ ಎಷ್ಟು ದೂರವಿರಬೇಕು? ಪುತ್ತೂರು, ಸುಳ್ಯ, ಕಡಬಗಳ ಚರಿತ್ರೆ ಇದಕ್ಕೆ ಮೂರು ಉತ್ತರಗಳನ್ನು ಕೊಟ್ಟಿದೆ.

ಮೊದಲನೆಯದು ಬೋರ್ಡು. 1956ರವರೆಗೆ ಈ ಸೀಮೆ ಮದರಾಸಿಗೆ ಸೇರಿತ್ತು; ಮೂರೂ ಒಂದೇ ತಾಲೂಕಿನ ಊರುಗಳು. ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಶಾಲೆ ನಡೆಸುತ್ತಿದ್ದವು. ಪುತ್ತೂರಿನ ಬೋರ್ಡ್ ಹೈಸ್ಕೂಲಿನ ಹಿಂದೆ ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ದುಡಿಮೆಯಿತ್ತು. 1934ರಲ್ಲಿ ತಾಲೂಕು ಬೋರ್ಡುಗಳು ರದ್ದಾದವು. ಅಧಿಕಾರ ಜಿಲ್ಲಾ ಕೇಂದ್ರಕ್ಕೆ ಸರಿಯಿತು.

ಎರಡನೆಯದು ಆಡಳಿತ ಮಂಡಳಿ. ಪದವಿಗಾಗಿ ಮಂಗಳೂರಿಗೆ ಹೋಗಬೇಕಿದ್ದ ಕಾಲದಲ್ಲಿ, 1958ರಲ್ಲಿ ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಆರಂಭವಾದವು. 1976ರಲ್ಲಿ ಸುಳ್ಯಕ್ಕೆ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ ನೆಹರೂ ಮೆಮೋರಿಯಲ್ ಕಾಲೇಜು ಬಂತು. ಸರಕಾರಕ್ಕಾಗಿ ಕಾಯದೆ ಊರೇ ಮುಂದೆ ಬಂದ ಫಲವಿದು.

ಮೂರನೆಯದು ತಂದೆತಾಯಿಗಳ ಸಮಿತಿ. ಡಾ. ರಾಜಾ ರಾಮಣ್ಣನವರ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಕಟ್ಟಡ, ಹಾಜರಿ, ಬಿಸಿಯೂಟಗಳನ್ನು ಸಮಿತಿ ನೋಡಿಕೊಳ್ಳಬಹುದು. ಕಾಯಂ ಶಿಕ್ಷಕರನ್ನು ನೇಮಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ.

ಹಾಗಾದರೆ ಸ್ವಾತಂತ್ರ್ಯ ಹೆಚ್ಚಿದರೆ ಅಂಕವೂ ಹೆಚ್ಚುವುದೇ? 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು. ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಅವಸರಪಡಬಾರದು. ಪ್ರಯೋಗಶಾಲೆಯಲ್ಲಿ ಒಂದೊಂದೇ ಅಂಶವನ್ನು ಬದಲಿಸಿ ನೋಡುತ್ತೇವೆ. ಜಿಲ್ಲೆಯಲ್ಲಿ ಸಾಕ್ಷರತೆ, ಆದಾಯ, ತಾಯಂದಿರ ಓದು ಎಲ್ಲವೂ ಬೆರೆತಿವೆ. 42 ದೇಶಗಳ ಪರೀಕ್ಷಾ ಫಲಿತಾಂಶಗಳನ್ನು ಪರಿಶೀಲಿಸಿ ಹನುಶೆಕ್, ಲಿಂಕ್, ವೋಸ್ಮನ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಎಚ್ಚರಿಸುತ್ತದೆ: ಶಾಲೆಗಳ ಸ್ವಾತಂತ್ರ್ಯ ಮುಂದುವರಿದ ದೇಶಗಳಲ್ಲಿ ಕಲಿಕೆಗೆ ನೆರವಾಯಿತು, ಅಭಿವೃದ್ಧಿಶೀಲ ದೇಶಗಳಲ್ಲಿ ಹಾನಿ ಮಾಡಿತು.

ಅಧಿಕಾರದ ಜೊತೆಗೆ ಲೆಕ್ಕ ಕೇಳುವವರೂ ಬೇಕು ಎಂಬುದೇ ಇದರಿಂದ ನಾನು ಕಲಿತ ಪಾಠ. ಮುಂದಿನ ಸಮಿತಿ ಸಭೆ ಯಾವಾಗ ಎಂದು ನಿಮ್ಮ ಶಾಲೆಯಲ್ಲಿ ವಿಚಾರಿಸಿ. ಮನೆಯಿಂದ ಯಾರಾದರೂ ಹೋಗುವಂತೆ ಮಾಡಿ. ಖಾಲಿ ಕುರ್ಚಿಗಳ ಮುಂದೆ ಯಾವ ಕಾಯ್ದೆಯೂ ಕೆಲಸ ಮಾಡದು.