ಮನೆತನದ ಚರಿತ್ರೆ: ತಾಮ್ರಪಟದಿಂದ ಗಣಕಯಂತ್ರದವರೆಗೆ

ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ಅವುಗಳ ಆರಂಭದಲ್ಲಿ ಬರುವ ವಂಶಾವಳಿಯ ಪರಿಚಯವಿರುತ್ತದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಐದನೆಯ ವಿಕ್ರಮಾದಿತ್ಯನು ಹೊರಡಿಸಿದ ಕೌಠೇಮ್ ತಾಮ್ರಶಾಸನವು ಈ ಅರಸುಮನೆತನವನ್ನು ಚಂದ್ರವಂಶಕ್ಕೆ ಜೋಡಿಸುತ್ತದೆ. ಈ ಕುಲದ 59 ಮಂದಿ ಅರಸರು ಅಯೋಧ್ಯೆಯಲ್ಲಿ ಆಳಿದರೆಂದೂ, ಬಳಿಕ 16 ಮಂದಿ ದಕ್ಷಿಣಾಪಥವನ್ನು ಆಳಿದರೆಂದೂ ಹೇಳುತ್ತದೆ. ಆ 59 ಅರಸರಿಗೆ ಇತಿಹಾಸದ ಆಧಾರವಿಲ್ಲ. ಅಧಿಕಾರಕ್ಕೆ ಬಂದವರು ತಮ್ಮ ಹಿಂದೆ ಒಂದು ಉದ್ದನೆಯ ಸಾಲನ್ನು ಕಟ್ಟಿಕೊಳ್ಳುವುದು ಅಂದಿನ ರೂಢಿ. ದಾನಶಾಸನದ ಪಾಲಿಗೆ ವಂಶಾವಳಿಯೆಂಬುದು ಪ್ರಶಸ್ತಿಯ ಒಂದು ಅಂಗವಾಗಿತ್ತು.

ಸುಮಾರು ಒಂದೂವರೆ ಶತಮಾನದ ಅನಂತರ ಅದೇ ಕಲ್ಯಾಣದಲ್ಲಿ, ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ಮತ್ತೊಂದು ಬಗೆಯ ವಂಶಾವಳಿಯನ್ನು ಹೇಳಿಕೊಂಡರು. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಅವರು ತಮ್ಮ ಹಿರಿಯರೆಂದು ವಚನಗಳಲ್ಲಿ ಎತ್ತಿಹಿಡಿದಿದ್ದಾರೆ. ಹುಟ್ಟಿನಿಂದ ಬಂದ ಸಾಲನ್ನು ಬದಿಗಿಟ್ಟು ಭಕ್ತಿಯಿಂದ ಬಂದ ಸಾಲನ್ನು ತಮ್ಮದಾಗಿ ಮಾಡಿಕೊಂಡ ಈ ನಡೆ, ಅರಮನೆಯ ತಾಮ್ರಪಟಗಳಿಗೆ ಕೊಟ್ಟ ಉತ್ತರದಂತೆ ತೋರುತ್ತದೆ.

ಇಂದು ಅನೇಕ ವೀರಶೈವ ಮನೆತನಗಳು ಗಣಕಯಂತ್ರದ ತಂತ್ರಾಂಶಗಳ ನೆರವಿನಿಂದ ತಮ್ಮ ವಂಶಚರಿತ್ರೆಯನ್ನು ಸಿದ್ಧಪಡಿಸಿ ಅಚ್ಚುಹಾಕಿಸಲು ಮುಂದಾಗುತ್ತಿವೆ. ಕುಲದ ಹೆಮ್ಮೆಯನ್ನು ನಿರಾಕರಿಸಿದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಈ ಕೆಲಸ ಸಲ್ಲುತ್ತದೆಯೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ವಂಶಾವಳಿಯ ಇತಿಹಾಸವನ್ನು ಅವಲೋಕಿಸದೆ ಇದಕ್ಕೆ ಉತ್ತರ ಹೇಳಲಾಗದು.

ಮೊದಲಿಗೆ ನೆನೆಯಬೇಕಾದುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡ ಶಾಸನವನ್ನು. ಸೇವುಣರ ಕನ್ನರನ ಕಾಲದ, ಕ್ರಿ.ಶ. 1260ರ ಈ ಶಾಸನದಲ್ಲಿ ಬಾಗೇವಾಡಿಯ ಉಲ್ಲೇಖವಿದೆ, ಮಾದಿರಾಜನ ಹೆಸರಿದೆ, ಬಸವಣ್ಣನವರ ಹೆಸರಿದೆ, ಅವರ ಮನೆತನಕ್ಕೆ ಸೇರಿದ ಹಾಲಬಸವಿದೇವನ ಹೆಸರೂ ಇದೆ. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ಮತ್ತು ಭೀಮಕವಿಯ ಬಸವಪುರಾಣಗಳು ಭಕ್ತಿಯ ದೃಷ್ಟಿಯಿಂದ ರಚಿತವಾದವು. ಬಸವಣ್ಣನವರು ಐತಿಹಾಸಿಕ ವ್ಯಕ್ತಿಯೇ ಎಂದು ವಿದ್ವಾಂಸರು ಸಂದೇಹಪಟ್ಟಾಗ, ಕಾವ್ಯಗಳಿಗಿಂತ ಗಟ್ಟಿಯಾಗಿ ನಿಂತ ಸಾಕ್ಷ್ಯ ಈ ಕಲ್ಲಿನ ಮೇಲಣ ಮನೆತನದ ಉಲ್ಲೇಖ. ಅಯೋಧ್ಯೆಯ 59 ಅರಸರ ಸಾಲು ಉದ್ದವಾಗಿದ್ದರೂ ಇತಿಹಾಸಕ್ಕೆ ಒದಗಲಿಲ್ಲ. ಅರ್ಜುನವಾಡದ ಕೆಲವೇ ಹೆಸರುಗಳು ಒದಗಿದವು. ವಂಶಾವಳಿಯ ಬೆಲೆ ಅದರ ಉದ್ದದಲ್ಲಿಲ್ಲ, ಪ್ರಾಮಾಣ್ಯದಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಶ್ರಾದ್ಧವನ್ನು ಆಚರಿಸುವವರು ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರುಗಳನ್ನು ಪ್ರತಿವರ್ಷವೂ ಉಚ್ಚರಿಸುತ್ತಾರೆ. ಆ ವಿಧಿಯೇ ಅವರ ನೆನಪನ್ನು ಕಾಯುತ್ತದೆ. ಲಿಂಗೈಕ್ಯನಾದವನಿಗೆ ಪಿಂಡದ ಅಗತ್ಯವಿಲ್ಲವೆಂಬ ಶರಣಧರ್ಮದಲ್ಲಿ ಆ ವಿಧಿಗೆ ಸ್ಥಾನವಿಲ್ಲ. ತತ್ತ್ವದೃಷ್ಟಿಯಿಂದ ಇದು ಸರಿಯೇ; ಆದರೆ ಅದರ ಫಲವಾಗಿ ಮುತ್ತಜ್ಜನ ಹೆಸರನ್ನು ನೆನಪಿನಲ್ಲಿಡುವ ಬೇರೊಂದು ವ್ಯವಸ್ಥೆ ಬೇಕಾಯಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಆ ಹೊಣೆಯನ್ನು ಹೊತ್ತವರು ಹೆಳವರು.

ಎತ್ತನ್ನೇರಿ, ಕಾಲುಗಳನ್ನು ಕಂಬಳಿಯಿಂದ ಮರೆಮಾಡಿ, ಮನೆಮನೆಗೆ ಬಂದು ಒಕ್ಕಲಿನ ಹಿರಿಯರ ಹೆಸರುಗಳನ್ನು ಹೇಳುತ್ತಿದ್ದ ಹೆಳವರ ವರ್ಣನೆ 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ದಕ್ಷಿಣ ಭಾರತದ ಜನಾಂಗಗಳ ಗ್ರಂಥದಲ್ಲಿದೆ. ಯಾವ ಊರಿನಿಂದ ಯಾವ ಊರಿಗೆ ಮನೆತನ ಬಂದಿತು, ಯಾರು ಯಾರಿಂದ ಬೇರೆಯಾದರು, ಯಾರು ಕಾಳಗದಲ್ಲಿ ಮಡಿದರು ಎಂಬುದನ್ನೆಲ್ಲ ಅವರು ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಹೊತ್ತಗೆಗೆ ಸೇರಿಸಿಕೊಂಡು, ಕಾಳನ್ನೋ ಕರುವನ್ನೋ ಕಾಣಿಕೆಯಾಗಿ ಪಡೆಯುತ್ತಿದ್ದರು. ಅರಸರ ಪ್ರಶಸ್ತಿಕಾರರು ಮಾಡಿದ ಕೆಲಸವನ್ನು ಇವರು ಒಕ್ಕಲಿಗನ ಅಂಗಳದಲ್ಲಿ ಮಾಡಿದರು. ಆದರೆ ಈ ಹೊತ್ತಗೆಗಳು ಮುಖ್ಯವಾಗಿ ಗಂಡುಸಾಲನ್ನು ಹಿಡಿದು ಸಾಗಿದವು.

ಈ ಕೊರತೆ ಎಷ್ಟು ದೊಡ್ಡದೆಂಬುದನ್ನು ಒಂದು ಲೆಕ್ಕದಿಂದ ಅರಿಯಬಹುದು. ಒಬ್ಬ ವ್ಯಕ್ತಿಗೆ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಸೇರಿ ಮುತ್ತಜ್ಜ ಮುತ್ತಜ್ಜಿಯರು 8 ಮಂದಿ. ಗಂಡುಸಾಲನ್ನಷ್ಟೇ ಹಿಡಿದರೆ ಅವರಲ್ಲಿ ಉಳಿಯುವ ಹೆಸರು ಒಂದೇ. ಇದೇ ಅಳತೆಯನ್ನು ಬಸವಣ್ಣನವರ ಮನೆತನಕ್ಕೆ ಅನ್ವಯಿಸಿದರೆ ಆಗುವ ಅನರ್ಥವನ್ನು ಊಹಿಸಬಹುದು. ಷಟ್‌ಸ್ಥಲಜ್ಞಾನಿ ಚೆನ್ನಬಸವಣ್ಣನವರು ಅಕ್ಕನಾಗಮ್ಮನವರ ಮಗನೆಂದೇ ಪರಂಪರೆಯಲ್ಲಿ ಪ್ರಸಿದ್ಧರು. ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ವಂಶವೃಕ್ಷದಲ್ಲಿ ಅಕ್ಕನಾಗಮ್ಮನವರಿಗೂ ಎಡೆಯಿಲ್ಲ, ಚೆನ್ನಬಸವಣ್ಣನವರಿಗೂ ಎಡೆಯಿಲ್ಲ.

ಎಲ್ಲ ಪೂರ್ವಜರಿಗೂ ಸ್ಥಾನ ಕೊಡುವ ಕ್ರಮವನ್ನು ಯುರೋಪಿನವರು ಅಂಕಿಗಳ ಮೂಲಕ ಸಾಧಿಸಿದರು. 1590ರಲ್ಲಿ ಕಲೋನ್ ನಗರದಲ್ಲಿ ಅಚ್ಚಾದ ಮಿಖಾಯೆಲ್ ಐಟ್ಸಿಂಗರನ ಗ್ರಂಥದಲ್ಲಿ ಕಾಣುವ ಆ ಕ್ರಮ ಬಹು ಸರಳವಾದುದು. ವ್ಯಕ್ತಿಯು 1, ತಂದೆ 2, ತಾಯಿ 3. ಯಾರ ಅಂಕಿಯನ್ನೇ ಆಗಲಿ ಇಮ್ಮಡಿಗೊಳಿಸಿದರೆ ಅವರ ತಂದೆಯ ಅಂಕಿ, ಅದಕ್ಕೆ ಒಂದು ಕೂಡಿದರೆ ತಾಯಿಯ ಅಂಕಿ. ಹೀಗೆ 8ರಿಂದ 15ರವರೆಗಿನ ಅಂಕಿಗಳು ಮುತ್ತಜ್ಜ ಮುತ್ತಜ್ಜಿಯರವು. ಹೆಸರು ತಿಳಿಯದಿದ್ದರೂ ಅಂಕಿ ಇರುತ್ತದೆ. ಬಿಟ್ಟುಹೋದವರ ಜಾಗ ಖಾಲಿಯಾಗಿ ಕಣ್ಣಿಗೆ ಕಾಣುತ್ತದೆ. ಮೂಲಪುರುಷನಿಂದ ಕೆಳಗಿಳಿಯುವ ಸಾಲಿಗೆ ಬೇರೆ ಕ್ರಮವುಂಟು. ಫ್ರಾನ್ಸಿನ ದಾಬೊವಿಲ್ ರೂಪಿಸಿದ ಪದ್ಧತಿಯಲ್ಲಿ 1.2.3 ಎಂದರೆ ಮೂಲಪುರುಷನ ಎರಡನೆಯ ಮಗುವಿನ ಮೂರನೆಯ ಮಗು. ಇಂದಿನ ತಂತ್ರಾಂಶಗಳು ಅಚ್ಚಿಗೆ ಸಿದ್ಧಪಡಿಸುವ ವಂಶಾವಳಿಗಳಲ್ಲಿ ಈ ಎರಡೂ ಕ್ರಮಗಳು ಬಳಕೆಯಲ್ಲಿವೆ.

ಗಣಕಯಂತ್ರಕ್ಕೆ ಈ ಕೆಲಸವನ್ನು ಒಪ್ಪಿಸಿದವರಲ್ಲಿ ಒಂದು ಧಾರ್ಮಿಕ ಸಂಸ್ಥೆ ಪ್ರಮುಖವಾದುದೆಂಬುದು ಮಠಗಳ ಭಕ್ತರಿಗೆ ಕುತೂಹಲಕರವಾದ ಸಂಗತಿ. ಅಮೆರಿಕದ ಯೂಟಾ ರಾಜ್ಯದಲ್ಲಿ ನೆಲೆಸಿರುವ ಮಾರ್ಮನ್ ಪಂಥದವರು, ಗತಿಸಿದ ಹಿರಿಯರ ಪರವಾಗಿ ಜೀವಂತರು ಸಂಸ್ಕಾರಗಳನ್ನು ನಡೆಸಬೇಕೆಂದು ನಂಬುತ್ತಾರೆ. ಆದ್ದರಿಂದ ಹಿರಿಯರ ಹೆಸರು ತಿಳಿಯುವುದು ಅವರಿಗೆ ಧರ್ಮಕಾರ್ಯ. 1894ರಲ್ಲಿಯೇ ವಂಶಸಂಶೋಧನೆಯ ಸಂಘವನ್ನು ಸ್ಥಾಪಿಸಿದ ಅವರು 1984ರಲ್ಲಿ ಪರ್ಸನಲ್ ಆ್ಯನ್ಸೆಸ್ಟ್ರಲ್ ಫೈಲ್ ಎಂಬ ತಂತ್ರಾಂಶವನ್ನು ಹೊರತಂದರು. ಒಂದು ತಂತ್ರಾಂಶದ ಮಾಹಿತಿಯನ್ನು ಮತ್ತೊಂದಕ್ಕೆ ಸಾಗಿಸಲು ಅವರೇ ರೂಪಿಸಿದ ಜೆಡ್‌ಕಾಮ್ ಎಂಬ ಬರಹಕ್ರಮ ಇಂದಿಗೂ ಈ ಕ್ಷೇತ್ರದ ಸಾಮಾನ್ಯ ಭಾಷೆಯಾಗಿದೆ. ಮೊದಲ ತಂತ್ರಾಂಶವನ್ನು 2013ರಲ್ಲಿ ನಿಲ್ಲಿಸಲಾಯಿತು. ಅದರಲ್ಲಿ ಕೂಡಿಟ್ಟ ಮಾಹಿತಿಯು ಜೆಡ್‌ಕಾಮ್ ಮೂಲಕ ಬೇರೆಡೆಗೆ ಸಾಗಿ ಉಳಿಯಿತು. 2001ರಲ್ಲಿ ಆರಂಭವಾದ ಗ್ರ್ಯಾಂಪ್ಸ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು.

ಈ ತಂತ್ರಾಂಶಗಳ ರಚನೆಯಲ್ಲಿ ಮೂರು ಗುಣಗಳಿವೆ. ಮೊದಲನೆಯದು, ಗಂಡಾಗಲಿ ಹೆಣ್ಣಾಗಲಿ ಎಳವೆಯಲ್ಲಿ ತೀರಿಕೊಂಡ ಕೂಸಾಗಲಿ, ಪ್ರತಿಯೊಬ್ಬರಿಗೂ ಒಂದೊಂದು ಸ್ವತಂತ್ರ ದಾಖಲೆ. ಸೊಸೆಯಾಗಿ ಬಂದವಳಿಗೂ ತವರಿನ ತಂದೆತಾಯಿಗಳ ಜಾಗ ತೆರೆದಿರುತ್ತದೆ. ಎರಡನೆಯದು, ಪ್ರತಿ ಸಂಗತಿಗೂ ಆಧಾರವನ್ನು ಜೋಡಿಸುವ ಅವಕಾಶ. ಹುಟ್ಟಿದ ದಿನವನ್ನು ಶಾಲೆಯ ದಾಖಲಾತಿ ಪುಸ್ತಕದಿಂದ ತೆಗೆದುಕೊಳ್ಳಲಾಯಿತೇ, ಜಮೀನಿನ ವಾರಸಾ ದಾಖಲೆಯಿಂದಲೇ, ಹೆಳವರ ಹೇಳಿಕೆಯಿಂದಲೇ, ಅಜ್ಜಿಯ ನೆನಪಿನಿಂದಲೇ ಎಂಬುದನ್ನು ಅಲ್ಲಿಯೇ ನಮೂದಿಸಬಹುದು. ಮೂರನೆಯದು, ರಕ್ತಸಂಬಂಧದಿಂದಾಚೆಗಿನ ಸಂಬಂಧಗಳಿಗೂ ಎಡೆಯುಂಟು. ದತ್ತು ಮಗನನ್ನು ದತ್ತು ಮಗನೆಂದೇ ಬರೆಯಬಹುದು. ಲಿಂಗದೀಕ್ಷೆಯನ್ನು ಒಂದು ಘಟನೆಯಾಗಿ ಸೇರಿಸಿ, ದೀಕ್ಷೆ ಕೊಟ್ಟ ಗುರುವಿನ ಹೆಸರನ್ನು ಸಂಬಂಧಿತ ವ್ಯಕ್ತಿಯಾಗಿ ಜೋಡಿಸಬಹುದು. ಗುರುಕರಜಾತನಾದ ಮೇಲೆ ಎರಡನೆಯ ಹುಟ್ಟು ಎಂದು ನಂಬುವವರಿಗೆ, ಜನ್ಮದಿನದ ಪಕ್ಕದಲ್ಲಿ ದೀಕ್ಷೆಯ ದಿನವೂ ಇರುವ ಪುಸ್ತಕವೇ ನಿಜವಾದ ಮನೆತನದ ಪುಸ್ತಕ.

ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆಯ ಮದುವೆಗಳಿಂದ ವಂಶವೃಕ್ಷದ ಕೊಂಬೆಗಳು ಮತ್ತೆ ಮತ್ತೆ ಕೂಡಿಕೊಳ್ಳುತ್ತವೆ. ಕಾಗದದ ಮೇಲೆ ಇದನ್ನು ಬಿಡಿಸುವುದು ಕಷ್ಟ. ತಂತ್ರಾಂಶದಲ್ಲಿ ವ್ಯಕ್ತಿಯನ್ನು ಒಮ್ಮೆ ಬರೆದರೆ ಸಾಕು, ಎರಡು ಕಡೆಯ ಸಂಬಂಧಗಳೂ ತಾವಾಗಿ ಕಾಣಿಸಿಕೊಳ್ಳುತ್ತವೆ.

ಆದರೆ ಯಂತ್ರಕ್ಕೆ ತಿಳಿಯದ ತೊಡಕುಗಳೂ ಇವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಮನೆತನದಲ್ಲಿ ಬಸಪ್ಪ ರುದ್ರಪ್ಪರು ತಲೆಮಾರು ಬಿಟ್ಟು ತಲೆಮಾರಿಗೆ ಬರುತ್ತಾರೆ; ಒಬ್ಬನ ಜಮೀನಿನ ಕಾಗದವನ್ನು ಮತ್ತೊಬ್ಬನಿಗೆ ಹೊಂದಿಸಿಬಿಡುವುದು ಸುಲಭ. ಹಳೆಯ ಬರಹಗಳಲ್ಲಿ ಶಕವರ್ಷವಿಲ್ಲದೆ ಸಂವತ್ಸರ ಮಾತ್ರವಿದ್ದರೆ ಮತ್ತೊಂದು ಸಮಸ್ಯೆ. ಪ್ರಭವ ಸಂವತ್ಸರವೆಂದರೆ 1867 ಆಗಬಹುದು, 1927 ಆಗಬಹುದು, 1987 ಕೂಡ ಆಗಬಹುದು. ಅರವತ್ತು ವರ್ಷದ ಈ ಅಂತರದಲ್ಲಿ ಅಜ್ಜನೇ ಮೊಮ್ಮಗನಾಗಿಬಿಡುತ್ತಾನೆ. ಮೂಲದಲ್ಲಿದ್ದ ಮಿತಿಯನ್ನು ಇದ್ದಂತೆಯೇ ಟಿಪ್ಪಣಿಯಲ್ಲಿ ಉಳಿಸಿ, ಕ್ರಿಸ್ತಶಕದ ವರ್ಷವನ್ನು ಬೇರೆಯಾಗಿ ಬರೆಯುವುದೇ ಇದಕ್ಕೆ ಪರಿಹಾರ. ವಚನಗಳ ಪಾಠವನ್ನು ಪರಿಷ್ಕರಿಸುವವರು ಓಲೆಯ ಪಾಠವನ್ನು ಅಡಿಯಲ್ಲಿ ಕೊಡುವುದಿಲ್ಲವೇ, ಹಾಗೆ.

ಇನ್ನು ಮುದ್ರಣದ ವಿಚಾರ. ಈ ತಂತ್ರಾಂಶಗಳು ಮುಖಪುಟ, ವಂಶಾವಳಿ, ವ್ಯಕ್ತಿವಿವರ, ಹೆಸರುಗಳ ಅಕಾರಾದಿ ಎಂಬ ಭಾಗಗಳನ್ನು ಒಟ್ಟುಗೂಡಿಸಿ ಪುಸ್ತಕದ ಕರಡನ್ನು ಕೊಡಬಲ್ಲವು. ಕನ್ನಡ ಅಕ್ಷರಗಳಿಗೆ ಯೂನಿಕೋಡಿನಲ್ಲಿ 1991ರಿಂದಲೇ ಸ್ಥಾನವಿದೆ. ಆದರೆ ಹಳೆಯ ನುಡಿ, ಬರಹ ಮೊದಲಾದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಹೆಸರುಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಬಳಸಲಾಗದು. ಪರಿವರ್ತಿಸುವಾಗ ಅರ್ಕಾವತ್ತು ಒತ್ತಕ್ಷರಗಳು ಪಲ್ಲಟವಾಗುವುದುಂಟು. ಆದುದರಿಂದ ಕರಡಚ್ಚನ್ನು ಮನೆಯ ಹಿರಿಯರೊಬ್ಬರು ಹೆಸರು ಹೆಸರಾಗಿ ಓದಿ ನೋಡಲೇಬೇಕು. ಡೆಮಿ 1/8 ಆಕಾರದಲ್ಲಿ 16 ಪುಟಗಳಿಗೆ ಒಂದು ಫಾರಂ. ಕೊನೆಯ ಫಾರಂನಲ್ಲಿ ಉಳಿಯುವ ಖಾಲಿ ಪುಟಗಳನ್ನು ಮುಂದೆ ಹುಟ್ಟುವವರ ಹೆಸರು ಬರೆಯಲು ಗೆರೆ ಹಾಕಿ ಬಿಡುವುದು ಒಳ್ಳೆಯದು. ಬದುಕಿರುವವರ ಜನ್ಮದಿನ, ವಿಳಾಸ ಮೊದಲಾದವನ್ನು ಅಚ್ಚಿನಿಂದ ಹೊರಗಿಡುವ ಸೌಲಭ್ಯ ತಂತ್ರಾಂಶದಲ್ಲಿದೆ, ಅದನ್ನು ಬಳಸತಕ್ಕದ್ದು. ಗತಿಸಿದವರ ಬಗೆಗೆ ತಿಳಿದ ಕಹಿಯಾದ ಸಂಗತಿಯನ್ನು ಬರೆಯಬೇಕೇ ಬೇಡವೇ ಎಂಬುದನ್ನು ಮಾತ್ರ ಯಂತ್ರ ಹೇಳಲಾರದು. ಅಲ್ಲಿ ಬರೆಯುವವನ ವಿವೇಕವೇ ಪ್ರಮಾಣ.

ಅಚ್ಚಿನ ಮಹತ್ತ್ವವನ್ನು ಈ ಸಮಾಜಕ್ಕೆ ತೋರಿಸಿಕೊಟ್ಟವರು ಫ.ಗು. ಹಳಕಟ್ಟಿಯವರು. ಮನೆಮನೆಯ ಓಲೆಗರಿ ಕಟ್ಟುಗಳನ್ನು ಅರಸಿ ಅವರು ಸಂಗ್ರಹಿಸಿದ ವಚನಗಳು 1923ರಲ್ಲಿ ವಚನಶಾಸ್ತ್ರಸಾರವಾಗಿ ಹೊರಬಂದವು. 1925ರಲ್ಲಿ ವಿಜಯಪುರದಲ್ಲಿ ಅವರ ಹಿತಚಿಂತಕ ಮುದ್ರಣಾಲಯ ನೆಲೆಗೊಂಡಿತು. ಆ ಕಟ್ಟುಗಳಲ್ಲಿ ಎಷ್ಟೋ ಒಕ್ಕಲು ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತ ಉಳಿದಿದ್ದವು. ಅವುಗಳನ್ನು ಕಾಪಾಡಿದ ಮನೆತನಗಳ ಚರಿತ್ರೆಯು ವಚನಸಾಹಿತ್ಯದ ಚರಿತ್ರೆಯ ಒಂದು ಭಾಗವೇ ಆಗಿದೆ. ಯಾವ ಕಟ್ಟು ಯಾವ ಮನೆಯಿಂದ ಯಾವ ಮದುವೆಯೊಡನೆ ಯಾವ ಊರಿಗೆ ಹೋಯಿತೆಂದು ತಿಳಿದರೆ, ಪಾಠಾಂತರಗಳ ಹಾದಿಯೇ ತಿಳಿದೀತು.

ಇಂದು ಹಳೆಯ ಮನೆಗಳು ಪಾಲಾಗುತ್ತಿವೆ, ಅಟ್ಟಗಳು ಬರಿದಾಗುತ್ತಿವೆ. ವಂಶಚರಿತ್ರೆ ಬರೆಯುವ ನೆಪದಲ್ಲಿ ತೆರೆದ ಪೆಟ್ಟಿಗೆಯಲ್ಲಿ ಮದುವೆಯ ಜಾಬಿತೆ, ಗೇಣಿಚೀಟಿಗಳ ನಡುವೆ ಒಂದು ಓಲೆಯ ಕಟ್ಟು ಸಿಕ್ಕರೆ ಅದು ಆ ಮನೆತನದ್ದಷ್ಟೇ ಅಲ್ಲ, ನಾಡಿನ ಸೊತ್ತು. ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಮಠದ ಗ್ರಂಥಾಲಯಕ್ಕೂ ಒಂದನ್ನು ಊರಿನ ಶಾಲೆಗೂ ಕೊಟ್ಟು, ಅದರೊಡನೆ ಮನೆಯಲ್ಲಿರುವ ಓಲೆ ಕಾಗದಗಳ ಪಟ್ಟಿಯನ್ನೂ ಸೇರಿಸಿದರೆ ಮುಂದಿನ ಸಂಶೋಧಕನಿಗೆ ದಾರಿಯಾದೀತು.

ಹೀಗೆ ನೋಡಿದಾಗ ಮೇಲಣ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಕುಲದ ಹಿರಿಮೆಗಾಗಿ ಬರೆದ ಪುಸ್ತಕ ಎಷ್ಟು ಅಂದವಾಗಿ ಅಚ್ಚಾದರೂ ಕೌಠೇಮಿನ 59 ಅರಸರ ಸಾಲಿಗೇ ಸೇರುತ್ತದೆ. ಹೆಣ್ಣುಮಕ್ಕಳನ್ನು ಬಿಡದೆ, ದೀಕ್ಷಾಗುರುವನ್ನು ಮರೆಯದೆ, ಮನೆಯಲ್ಲಿ ದುಡಿದ ಆಳುಮಕ್ಕಳ ಹೆಸರನ್ನೂ ನೆನೆದು, ತಿಳಿಯದುದನ್ನು ತಿಳಿಯದೆಂದೇ ಬಿಟ್ಟು ಬರೆದ ಪುಸ್ತಕಕ್ಕೆ ಶರಣರ ಮಾರ್ಗದಲ್ಲಿ ಎಡೆಯುಂಟು. ಚೆನ್ನಯ್ಯ ಕಕ್ಕಯ್ಯರನ್ನು ಹಿರಿಯರೆಂದ ಬಸವಣ್ಣನವರ ಅನುಯಾಯಿಗಳು ಬರೆಯಬೇಕಾದ ವಂಶಾವಳಿ ಅಂತಹುದೇ.