‘ದಿ’ ಬೇಕೋ, ಬೇಡವೋ?

ದೇಶಗಳ ಹೆಸರಿಗೆ ‘ದಿ’ ಹಚ್ಚಬಾರದು ಅಂತ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಆದರೆ ಈ ಪುಟ್ಟ ಪದದ ಹಿಂದೆ ದೊಡ್ಡ ಇತಿಹಾಸವೇ ಇದೆ ನೋಡಿ. ಬ್ರಿಟಿಷರು ‘ದಿ ಪಂಜಾಬ್’, ‘ದಿ ಕರ್ನಾಟಿಕ್’ ಅಂತ ಬರೆಯುತ್ತಿದ್ದರು. ಅದು ಸೀಮೆಗಳಿಗೆ ಹಚ್ಚುತ್ತಿದ್ದ ‘ದಿ’. ‘ದಿ ಉಕ್ರೇನ್’ ಕೂಡ ಹಾಗೆಯೇ. 1991ರಲ್ಲಿ ಸ್ವತಂತ್ರರಾದ ಮೇಲೆ ಉಕ್ರೇನಿನವರು ಅದು ಬೇಡವೆಂದರು. ತಮ್ಮದು ಯಾರದೋ ಸೀಮೆಯಲ್ಲ, ದೇಶ ಅಂತ. ತಮಾಷೆಯೆಂದರೆ, ಕನ್ನಡದಂತೆ ಅವರ ಭಾಷೆಯಲ್ಲೂ ‘ದಿ’ ಇಲ್ಲವೇ ಇಲ್ಲ!

ಅತ್ತ ಆಫ್ರಿಕಾದಲ್ಲಿ, 1965ರಲ್ಲಿ ಸ್ವತಂತ್ರವಾದ ಗ್ಯಾಂಬಿಯಾ ‘ದಿ’ಯನ್ನು ಬಿಡಲಿಲ್ಲ. ಹಿಂದಿನ ವರ್ಷವಷ್ಟೇ ಜಾಂಬಿಯಾ ಹುಟ್ಟಿತ್ತು. ಎರಡೂ ಕಲಸಿಹೋಗಬಾರದು ಎಂಬುದೂ ಒಂದು ಕಾರಣ.

ವ್ಯಾಕರಣ ಏನೇ ಹೇಳಲಿ, ಹೆಸರು ಯಾರದೋ ಅವರ ಮಾತೇ ಕೊನೆಯದು ಅಂತ ನನಗನ್ನಿಸುತ್ತದೆ.